ಮೋಕಾ ಪಾಟ್ ಕೊಳ್ಳುವ ಮುಂಚೆ, ಕೊಂಡ ಮೇಲೆ

ಮೋಕಾ ಪಾಟ್ ಅಂದರೆ ಒಲೆಯ ಮೇಲಿಡುವ ಇಟಲಿಯ ಕಾಫಿ ಪಾತ್ರೆ; ಕೆಳಗಿನ ನೀರು ಆವಿಯ ಒತ್ತಡಕ್ಕೆ ನಡುವಿನ ಪುಡಿಯ ಮೂಲಕ ಮೇಲೇರಿ ಕಾಫಿಯಾಗುತ್ತದೆ. ಮೊದಲು ಅಳತೆ ನೋಡಿ. ‘3 ಕಪ್’ ಅಂತ ಬರೆದಿದ್ದರೆ ಅದು ಇಟಲಿಯ ಪುಟ್ಟ ಕಪ್, ಒಟ್ಟು ಸುಮಾರು 130-150 ಮಿ.ಲೀ. ಅಷ್ಟೇ. ಹಾಲು ಬೆರೆಸಿ ಕುಡಿಯುವ ಇಬ್ಬರಿಗೆ ಸಾಕು. ಅರ್ಧ ತುಂಬಿಸಿ ಮಾಡಿದರೆ ರುಚಿ ಕೆಡುತ್ತದೆ, ಹಾಗಾಗಿ ಸುಮ್ನೆ ದೊಡ್ಡದು ತರಬೇಡಿ. ಮುಂಬೈ ಬಾಡಿಗೆ ಮನೆಯಲ್ಲಿ ಇಂಡಕ್ಷನ್ ಒಲೆಯೇ ಗತಿ ಅನ್ನುವವರು ಇಂಡಕ್ಷನ್‌ಗೆ ಆಗುವ ಸ್ಟೀಲಿನದು ಕೊಳ್ಳಿ, ಮಾಮೂಲಿ ಅಲ್ಯೂಮಿನಿಯಂ ಅದರ ಮೇಲೆ ಕಾಯುವುದಿಲ್ಲ. ಗ್ಯಾಸ್ ಒಲೆಯಲ್ಲಿ ಚಿಕ್ಕ ಪಾಟ್ ವಾಲುತ್ತದೆ, ಕೆಳಗೊಂದು ಜಾಲರಿ ಇಡಿ.

ಪುಡಿಯದೇ ದೊಡ್ಡ ಕತೆ. ಮಾಟುಂಗಾದ ಅಂಗಡಿಯಲ್ಲಿ ಸುಮ್ಮನೆ ಫಿಲ್ಟರ್ ಕಾಫಿ ಪುಡಿ ಅಂದರೆ ಚಿಕೋರಿ ಬೆರೆಸಿದ್ದೇ ಸಿಗಬಹುದು, ಅದು ನೆನೆದು ಪಾಟ್ ಒಳಗಿನ ಸೋಸುವ ಜಾಲರಿಗೆ ಕಟ್ಟಿಕೊಳ್ಳುತ್ತದೆ. ಚಿಕೋರಿ ಬೇಡ ಅಂತ ಬಾಯಿಬಿಟ್ಟು ಹೇಳಿ. ಪುಡಿ ಚಿರೋಟಿ ರವೆಗಿಂತ ಕೊಂಚ ನುಣ್ಣಗಿರಲಿ, ಮೈದಾ ಆಗಬಾರದು.

ಕೆಳಪಾತ್ರೆಗೆ ಬಿಸಿ ನೀರು ಹಾಕಿ, ಅದರ ಪಕ್ಕದಲ್ಲಿರುವ, ಒತ್ತಡ ಹೆಚ್ಚಾದರೆ ಆವಿ ಬಿಡುವ ವಾಲ್ವ್‌ಗಿಂತ ಕೆಳಗೇ ನಿಲ್ಲಲಿ. ನಡುವಿನ ಬುಟ್ಟಿಗೆ ಪುಡಿ ತುಂಬಿ ಮೇಲ್ಭಾಗ ಸಮ ಮಾಡಿ, ಒತ್ತಬೇಡಿ. ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ತಿರುಗಿಸಿ, ಸಣ್ಣ ಉರಿಯಲ್ಲಿಡಿ. ಕಾಫಿ ಮೇಲೇರಿ ಬಣ್ಣ ತಿಳಿಯಾಗಿ ಗೊರಗೊರ ಅನ್ನಲು ಶುರುವಾದ ಕೂಡಲೇ ಇಳಿಸಿ, ಇಲ್ಲದಿದ್ದರೆ ಕಹಿ ಜಾಸ್ತಿ. ಕೆಫೆಯ ನೊರೆ ಮಾತ್ರ ಕೇಳಬೇಡಿ. ಅಲ್ಲಿನ ಯಂತ್ರದ ಒತ್ತಡ ಸುಮಾರು 9 ಬಾರ್ (ಒತ್ತಡ ಅಳೆಯುವ ಮಾನ), ಇಲ್ಲಿ 1-2 ಇದ್ದರೆ ಹೆಚ್ಚು.

ತೊಳೆದ ಮೇಲೆ ಮಳೆಗಾಲದಲ್ಲಂತೂ ಭಾಗಗಳನ್ನು ಬೇರೆಬೇರೆಯಾಗಿಯೇ ಒಣಗಿಸಿ. ಒದ್ದೆಯಲ್ಲೇ ಜೋಡಿಸಿಟ್ಟರೆ ಮುಗ್ಗಲು ವಾಸನೆ ಗ್ಯಾರಂಟಿ. ರಬ್ಬರ್ ರಿಂಗ್ ಗಟ್ಟಿಯಾಗಿ ಪಕ್ಕದಿಂದ ಆವಿ ಬಂದರೆ ಬದಲಿಸಿ.