ಲಾಯಲ್ಟಿ ಕಾರ್ಡಿನ ಲಾಭವನ್ನು ನಾನು ಲೆಕ್ಕ ಹಾಕಿದ ಬಗೆ

ಸೂಪರ್‌ಮಾರ್ಕೆಟ್ಟಿನ ಲಾಯಲ್ಟಿ ಕಾರ್ಡಿನಿಂದ ಎಷ್ಟು ಉಳಿಯುತ್ತದೆ ಎಂದು ಯಾರನ್ನು ಕೇಳಿದರೂ ‘ಏನೋ ಒಂದಿಷ್ಟು ಬರುತ್ತೆ’ ಅನ್ನುತ್ತಾರೆ. ಮನೆಖರ್ಚಿನ ಲೆಕ್ಕ ಬರೆಯುವವಳು ನಾನು. ಆ ‘ಒಂದಿಷ್ಟು’ ಎಷ್ಟು ಎಂದು ನನಗೆ ತಿಳಿಯಲೇಬೇಕಿತ್ತು. ಹಾಗಾಗಿ ಬಿಲ್ಲುಗಳನ್ನು ಎಸೆಯದೆ ಕೂಡಿಟ್ಟು, ಸಾಲು ಸಾಲಾಗಿ ನೋಡತೊಡಗಿದೆ.

ಮೊದಲು, ಖರೀದಿಗೆ ತಕ್ಕಂತೆ ಕಾರ್ಡಿಗೆ ಸೇರುವ ಪಾಯಿಂಟಿನ ಬೆಲೆ ಕಟ್ಟಿದೆ. ಬಿಲ್ಲಿನಲ್ಲಿ ದೊಡ್ಡ ಸಂಖ್ಯೆ ಕಂಡು ಹಿಗ್ಗುವ ಮೊದಲು ಕೇಳಬೇಕಾದ್ದು ಒಂದೇ: ನೂರು ಖರ್ಚು ಮಾಡಿದರೆ ಕೈಗೆ ಮರಳುವುದೆಷ್ಟು? ಬ್ರಿಟನ್ನಿನ ಸೂಪರ್‌ಮಾರ್ಕೆಟ್ ಕಂಪನಿ ಟೆಸ್ಕೊ 1995ರಲ್ಲಿ ದೇಶದ ತುಂಬ ತಂದ ಕ್ಲಬ್‌ಕಾರ್ಡನ್ನೇ ನೋಡಿ. ಅಲ್ಲಿ ಸಾಮಾನ್ಯ ಖರೀದಿಗೆ ಒಂದು ಪೌಂಡಿಗೆ ಒಂದು ಪಾಯಿಂಟ್. 150 ಪಾಯಿಂಟ್ ಸೇರಿದರೆ ಒಂದೂವರೆ ಪೌಂಡಿನ ವೋಚರ್. ಅಂದರೆ ನೂರಕ್ಕೆ ಒಂದು. ನನ್ನ ಕಾರ್ಡಿನ ಲೆಕ್ಕವೂ ಅದರ ಆಸುಪಾಸಿನಲ್ಲೇ ನಿಂತಿತು. ಇಷ್ಟು ಗೊತ್ತಾದ ಮೇಲೆ ಪಾಯಿಂಟಿನ ಆಸೆಗೆ ಅಂಗಡಿ ಆಯ್ದುಕೊಳ್ಳುವುದನ್ನು ಬಿಟ್ಟುಬಿಟ್ಟೆ. ಪಕ್ಕದ ಅಂಗಡಿಯಲ್ಲಿ ಅದೇ ಸಾಮಾನು ನೂರಕ್ಕೆ ಎರಡು ಅಗ್ಗವಿದ್ದರೆ ಪಾಯಿಂಟಿನ ಲಾಭ ಅಲ್ಲಿಗೇ ಮುಗಿಯಿತು.

ಆಮೇಲೆ ಬಿಲ್ಲಿನ ಪ್ರತಿಯೊಂದು ಸಾಮಾನನ್ನೂ ಮೂರು ಕಾಲಮ್ಮಿಗೆ ಹಂಚಿದೆ. ಮನೆಯಿಂದ ಬರೆದುಕೊಂಡು ಹೋದ ಚೀಟಿಯಲ್ಲಿದ್ದು, ಮಾಮೂಲಿ ಬೆಲೆಗೆ ಕೊಂಡದ್ದು ಮೊದಲನೆಯದರಲ್ಲಿ. ಚೀಟಿಯಲ್ಲಿದ್ದು, ಕಾರ್ಡ್ ಇದ್ದವರಿಗೆ ಮಾತ್ರ ಸಿಗುವ ದರಕ್ಕೆ ಕೊಂಡದ್ದು ಎರಡನೆಯದರಲ್ಲಿ. ಚೀಟಿಯಲ್ಲಿ ಇಲ್ಲದೆ, ಆಫರ್ ಕಂಡು ಬುಟ್ಟಿಗೆ ಬಿದ್ದದ್ದು ಮೂರನೆಯದರಲ್ಲಿ.

ಈ ಮೂರನೆಯ ಕಾಲಮ್ಮಿನ ಮೇಲೆ ನಾನು ಹೆಚ್ಚು ಹೊತ್ತು ಕೂತೆ. ಬಿಲ್ಲಿನ ಕೊನೆಯಲ್ಲಿ ‘ಇಂದು ನೀವು ಇಷ್ಟು ಉಳಿಸಿದಿರಿ’ ಎಂದು ಬರುವ ಮೊತ್ತದಲ್ಲಿ ಎರಡನೆಯ, ಮೂರನೆಯ ಕಾಲಮ್ಮುಗಳೆರಡೂ ಬೆರೆತಿರುತ್ತವೆ. ಬೇಡದ ವಸ್ತುವನ್ನು ಅರ್ಧ ಬೆಲೆಗೆ ತಂದರೆ ಉಳಿದದ್ದೇನೂ ಇಲ್ಲ, ಅರ್ಧ ಬೆಲೆ ಖರ್ಚಾಯಿತು ಅಷ್ಟೇ. ಆದರೆ ಎಲ್ಲವನ್ನೂ ಹಾಗೆ ತಳ್ಳಿಹಾಕುವುದೂ ನ್ಯಾಯವಲ್ಲ. ಬಟ್ಟೆ ಒಗೆಯುವ ಪುಡಿ ಕೆಡುವುದಿಲ್ಲ; ಇವತ್ತು ಹೆಚ್ಚಿಗೆ ತಂದರೆ ಮುಂದಿನ ಖರೀದಿ ತಪ್ಪುತ್ತದೆ. ಅಂಥದ್ದನ್ನು ಎರಡನೆಯ ಕಾಲಮ್ಮಿಗೆ ದಾಟಿಸಿದೆ. ಮುಂದಿನ ಖರೀದಿಯನ್ನು ತಪ್ಪಿಸದೆ ಬಳಕೆಯನ್ನಷ್ಟೇ ಹೆಚ್ಚಿಸಿದ್ದನ್ನು ಖರ್ಚು ಎಂದೇ ಬರೆದೆ. ಹೀಗೆ ಜರಡಿ ಹಿಡಿದ ಮೇಲೆ ಬಿಲ್ಲು ಹೇಳುವ ಉಳಿತಾಯಕ್ಕೂ ನನ್ನ ಪುಸ್ತಕದ ಉಳಿತಾಯಕ್ಕೂ ಇದ್ದ ಅಂತರ ಸಣ್ಣದಾಗಿರಲಿಲ್ಲ.

ಕಾರ್ಡ್ ದರಗಳೇ ಬರೀ ಮೋಸ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಬ್ರಿಟನ್ನಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರ ಸುಮಾರು 50,000 ಸಾಮಾನುಗಳ ಕಾರ್ಡ್ ದರವನ್ನು ಪರಿಶೀಲಿಸಿ 2024ರ ನವೆಂಬರಿನಲ್ಲಿ ವರದಿ ಕೊಟ್ಟಿತು. ಶೇ. 92ರಷ್ಟು ಸಾಮಾನುಗಳಲ್ಲಿ ಅದೇ ಅಂಗಡಿಯ ಮಾಮೂಲಿ ಬೆಲೆಗಿಂತ ನಿಜವಾದ ಕಡಿತ ಕಂಡುಬಂತು. ಆದರೆ ಕಾರ್ಡ್ ದರವೇ ಎಲ್ಲ ಕಡೆಗಿಂತ ಅಗ್ಗ ಎಂದುಕೊಳ್ಳಬೇಡಿ, ಬೇರೆ ಕಡೆಯೂ ವಿಚಾರಿಸಿ ಎಂದೂ ಅದೇ ಪ್ರಾಧಿಕಾರ ಹೇಳಿತು. ನಾನು ಪದೇ ಪದೇ ಕೊಳ್ಳುವ ಸಾಮಾನುಗಳ ಕಿಲೋ ದರ, ಲೀಟರ್ ದರ ಬರೆದಿಟ್ಟುಕೊಂಡದ್ದು ಈ ಕಾರಣಕ್ಕೇ. ಪೊಟ್ಟಣದ ಬೆಲೆ ನೋಡಿದರೆ ಏನೂ ತಿಳಿಯುವುದಿಲ್ಲ, ತೂಕ ಕಡಿಮೆಯಾಗಿರಬಹುದು. ಬೋರ್ಡಿನಲ್ಲಿ ಹೊಡೆದುಹಾಕಿರುವ ಹಳೆಯ ಬೆಲೆಗಿಂತ ನನ್ನ ಪುಸ್ತಕದ ಹಳೆಯ ಬೆಲೆಯನ್ನೇ ನಾನು ನಂಬುತ್ತೇನೆ.

‘ಇನ್ನು ಸ್ವಲ್ಪ ಪಾಯಿಂಟ್ ಆದರೆ ಬಹುಮಾನ’ ಎಂಬ ಸಂದೇಶಕ್ಕೆ ದೊಡ್ಡ ಬಲವಿದೆ. ಗುರಿ ಹತ್ತಿರವಾದಂತೆ ಮನುಷ್ಯ ವೇಗ ಹೆಚ್ಚಿಸುತ್ತಾನೆ. ಗ್ರಾಹಕರ ನಡವಳಿಕೆಯ ಸಂಶೋಧಕರಾದ ಜೋಸೆಫ್ ನ್ಯೂನ್ಸ್ ಮತ್ತು ಝೇವಿಯರ್ ಡ್ರೆಜ್ 2006ರಲ್ಲಿ ಪ್ರಕಟಿಸಿದ ಪ್ರಯೋಗ ನನ್ನ ಕಣ್ಣು ತೆರೆಸಿತು. ಕಾರು ತೊಳೆಯುವ ಕೇಂದ್ರವೊಂದರಲ್ಲಿ ಪ್ರತಿ ಸಲ ಕಾರು ತೊಳೆಸಿದಾಗ ಒಂದು ಮುದ್ರೆ ಬೀಳುವ ಕಾರ್ಡ್ ಕೊಟ್ಟರು; ಕೆಲವರಿಗೆ ಎಂಟು ಮುದ್ರೆಯದು. ಉಳಿದವರಿಗೆ ಹತ್ತು ಮುದ್ರೆಯ ಕಾರ್ಡ್, ಆದರೆ ಎರಡು ಮುದ್ರೆ ಮೊದಲೇ ಒತ್ತಿತ್ತು. ಇಬ್ಬರಿಗೂ ಬೇಕಾದ್ದು ಎಂಟೇ ಮುದ್ರೆ. ಮೊದಲ ಗುಂಪಿನಲ್ಲಿ ಶೇ. 19 ಮಂದಿ ಕಾರ್ಡ್ ತುಂಬಿಸಿದರೆ, ಎರಡನೆಯದರಲ್ಲಿ ಶೇ. 34. ಇದನ್ನು ಓದಿದ ಮೇಲೆ ಆ್ಯಪಿನ ನೋಟಿಫಿಕೇಶನ್ ಎಲ್ಲ ಬಂದ್ ಮಾಡಿದೆ. ಪಾಯಿಂಟ್ ಎಷ್ಟಾಗಿದೆ ಎಂದು ಚೀಟಿ ಬರೆದಾದ ಮೇಲೆ ಮಾತ್ರ ನೋಡುತ್ತೇನೆ. ವೋಚರ್ ಆಗುವಷ್ಟು ಸೇರಿದ ಕೂಡಲೇ ಬಳಸಿಬಿಡುತ್ತೇನೆ. ಕೂಡಿಟ್ಟ ಪಾಯಿಂಟಿಗೆ ಬಡ್ಡಿ ಬರುವುದಿಲ್ಲ, ಅವಧಿ ಮುಗಿದರೆ ಕೇಳುವವರೂ ಇಲ್ಲ.

ಇನ್ನು ಅಂಗಡಿಗೆ ಇದರಿಂದ ಸಿಗುವುದೇನು? ನಮ್ಮ ಖರೀದಿಯ ಚರಿತ್ರೆ. ಟೆಸ್ಕೊ ತನ್ನ ಕಾರ್ಡನ್ನು ಮೊದಲು ಕೆಲವು ಅಂಗಡಿಗಳಲ್ಲಿ ಪರೀಕ್ಷಿಸಿದಾಗ ಸಿಕ್ಕ ಮಾಹಿತಿಯನ್ನು ವಿಶ್ಲೇಷಿಸಿದವರು ಕ್ಲೈವ್ ಹಂಬಿ ಮತ್ತು ಎಡ್ವಿನಾ ಡನ್ ದಂಪತಿ. ಆ ಫಲಿತಾಂಶ ನೋಡಿಯೇ ಕಂಪನಿ ಕಾರ್ಡನ್ನು ಎಲ್ಲ ಕಡೆ ತಂದಿತು. ಮನೆಯಲ್ಲಿ ಮಗು ಹುಟ್ಟಿದ್ದು, ಯಾರೋ ಪಥ್ಯ ಶುರು ಮಾಡಿದ್ದು, ತಿಂಗಳ ಕೊನೆಗೆ ಕೈ ಬಿಗಿಯಾದದ್ದು ಎಲ್ಲವನ್ನೂ ಬಿಲ್ಲುಗಳ ಸಾಲಿನಿಂದ ಊಹಿಸಬಹುದು. ನೂರಕ್ಕೆ ಒಂದರ ಆಸುಪಾಸಿನ ಬೆಲೆಗೆ ಇದನ್ನು ಕೊಡಬೇಕೇ ಎಂಬುದನ್ನು ಅವರವರೇ ತೀರ್ಮಾನಿಸಬೇಕು. ನಾನಂತೂ ಕಡ್ಡಾಯವಲ್ಲದ ಜಾಗಗಳನ್ನು ಖಾಲಿ ಬಿಡುತ್ತೇನೆ. ಮಾಹಿತಿಯನ್ನು ಪಾಲುದಾರ ಸಂಸ್ಥೆಗಳಿಗೆ ಕೊಡಬಹುದೇ ಎಂಬಲ್ಲಿ ಇಲ್ಲ ಎಂದೇ ಗುರುತು ಹಾಕುತ್ತೇನೆ. ಔಷಧಿ ಕೊಳ್ಳುವಾಗ ಕಾರ್ಡ್ ತೋರಿಸುವುದೇ ಇಲ್ಲ.

ನನಗೆ ನಿಜವಾಗಿ ಸಂಕಟವಾಗುವುದು ಎರಡು ಬೆಲೆಯ ಪದ್ಧತಿಯಿಂದ. ಒಂದೇ ವಸ್ತುವಿಗೆ ಕಾರ್ಡ್ ಇಲ್ಲದವರು ಹೆಚ್ಚು ತೆರಬೇಕು. ಸ್ಮಾರ್ಟ್‌ಫೋನ್ ಇಲ್ಲದ ವಯಸ್ಸಾದವರು, ಇಮೇಲ್ ಇಲ್ಲದವರು, ವಯಸ್ಸಿನ ಮಿತಿಯಿಂದ ಹೊರಗುಳಿದ ಕಿರಿಯರು: ರಿಯಾಯಿತಿಯ ಅಗತ್ಯ ಹೆಚ್ಚಾಗಿ ಇರುವವರೇ ಇಲ್ಲಿ ಹೊರಗೆ. ಅಂಥವರು ಪರಿಚಿತರಲ್ಲಿದ್ದರೆ ಕೌಂಟರಿನಲ್ಲಿ ಪ್ಲಾಸ್ಟಿಕ್ ಕಾರ್ಡ್ ಸಿಗುತ್ತದೆಯೇ, ಫೋನ್ ಇಲ್ಲದೆ ನೋಂದಾಯಿಸಲು ದಾರಿ ಇದೆಯೇ ಎಂದು ನಾನೇ ವಿಚಾರಿಸಿ ಮಾಡಿಸಿಕೊಡುತ್ತೇನೆ. ಎಷ್ಟೋ ಕಡೆ ಆ ದಾರಿ ಇರುತ್ತದೆ, ಕೇಳಿದರಷ್ಟೇ ಹೇಳುತ್ತಾರೆ.