ಹಳೆಯ .22 ರೈಫಲ್ ಕೊಳ್ಳುವಾಗ ನಾನು ಬೋಲ್ಟ್ ಪರೀಕ್ಷಿಸಿದ ಬಗೆ

ಹಳೆಯ .22 (ಅಂದರೆ 0.22 ಇಂಚಿನ ನಳಿಗೆಯ) ರೈಫಲ್ ಕೊಳ್ಳಲು ಬಂದವರು ಸಾಮಾನ್ಯವಾಗಿ ಮೊದಲು ಮರದ ಹೊಳಪನ್ನು ನೋಡುತ್ತಾರೆ, ಆಮೇಲೆ ನಳಿಗೆಯನ್ನು ಬೆಳಕಿಗೆ ಹಿಡಿಯುತ್ತಾರೆ, ಕೊನೆಯಲ್ಲಿ ಬೋಲ್ಟನ್ನು, ಅಂದರೆ ತೋಟೆಯನ್ನು ಹಿಂದಿನಿಂದ ಮುಚ್ಚಿ ಬೀಗ ಹಾಕುವ ಲೋಹದ ದಂಡವನ್ನು, ಒಂದೆರಡು ಸಲ ಹಿಂದೆ ಮುಂದೆ ಎಳೆದು ಸಲೀಸಾಗಿ ಓಡುತ್ತದೆ ಎಂದು ಸಮಾಧಾನಪಡುತ್ತಾರೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಸಮಯದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಾಗಿ ನಾನು ರೈಫಲ್ ಹುಡುಕತೊಡಗಿದಾಗ ಈ ಕ್ರಮವನ್ನು ತಿರುವುಮುರುವು ಮಾಡಿದೆ. ಬೋಲ್ಟ್ ಸರಿಯಿಲ್ಲದಿದ್ದರೆ ಉಳಿದದ್ದನ್ನು ನೋಡುವ ಅಗತ್ಯವೇ ಇಲ್ಲ ಎಂಬುದು ಸೇನೆಯಲ್ಲಿ ಆರ್ಮರರ್ (ಕೋವಿಗಳ ದುರಸ್ತಿಗಾರ) ಆಗಿದ್ದು ನಿವೃತ್ತರಾದ ನನ್ನ ಚಿಕ್ಕಪ್ಪನವರ ಪಾಠ.

ಅವರು ದುಡಿದದ್ದು 5.56 ಮಿ.ಮೀ. ಇನ್ಸಾಸ್‌ನಂಥ ರೈಫಲ್‌ಗಳ ಮೇಲೆ. ಅಲ್ಲಿ ಗುಂಡಿನ ಹಿಂದಿನ ಅನಿಲದ ಒಂದಂಶ ಪಿಸ್ಟನನ್ನು ತಳ್ಳುತ್ತದೆ, ಬೋಲ್ಟನ್ನು ಹೊತ್ತ ಭಾಗವಾದ ಬೋಲ್ಟ್ ಕ್ಯಾರಿಯರ್ ಹಿಂದಕ್ಕೆ ಸರಿಯುತ್ತ ಬೋಲ್ಟನ್ನು ತಿರುಗಿಸಿ ಬೀಗ ಬಿಡಿಸುತ್ತದೆ. ಅಮೆರಿಕದ ಎಆರ್-15 ಮಾದರಿಗಳಲ್ಲಿ ಹೊಸ ಬೋಲ್ಟ್ ಕೊಳ್ಳುವವರು ಅದು ಕಾರ್ಪೆಂಟರ್ 158 ಉಕ್ಕಿನದೇ, ಕಾಂತೀಯ ಪರೀಕ್ಷೆಯಲ್ಲಿ ಬಿರುಕು ಹುಡುಕಲಾಗಿದೆಯೇ, ಕ್ಯಾರಿಯರ್ ಮೇಲೆ ಅನಿಲವನ್ನು ಒಳಬಿಡುವ ಗ್ಯಾಸ್ ಕೀಯ ಸ್ಕ್ರೂಗಳು ಸಡಿಲವಾಗದಂತೆ ಅಂಚನ್ನು ಬಡಿದು ಕೂರಿಸಲಾಗಿದೆಯೇ ಎಂದು ನೋಡುತ್ತಾರೆ. ಅಂಥ ಕೋವಿಗಳು ನಮ್ಮ ಕೈಗೆ ಬರುವಂಥವಲ್ಲ. ನಮಗೆ ಸಿಗುವುದು ಈಶಾಪುರದ ಕಾರ್ಖಾನೆಯ .22, ಅದೃಷ್ಟವಿದ್ದರೆ ಯಾವುದಾದರೂ ಮನೆಯಲ್ಲಿ ಜೋಪಾನವಾಗಿ ಉಳಿದ ಜೆಕ್ ದೇಶದ ಬ್ರನೋ. ಇವುಗಳ ಬೋಲ್ಟನ್ನು ಕೈಯಿಂದಲೇ ಎಳೆಯಬೇಕು. ಆದರೂ ಕೇಳಬೇಕಾದ ಪ್ರಶ್ನೆಗಳು ಅವೇ: ತೋಟೆಯ ಬೆನ್ನಿಗೆ ಬೋಲ್ಟ್ ಸರಿಯಾಗಿ ಆತುಕೊಳ್ಳುತ್ತದೆಯೇ, ಬೀಗ ಭದ್ರವಾಗಿದೆಯೇ, ಖಾಲಿ ಕೇಸನ್ನು (ಹಾರಿಸಿದ ತೋಟೆಯ ಹಿತ್ತಾಳೆಯ ಕವಚವನ್ನು) ಪ್ರತಿ ಸಲವೂ ಹೊರಗೆಳೆಯುತ್ತದೆಯೇ?

ಕೋವಿ ಖಾಲಿಯಿದೆ ಎಂಬುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಮ್ಯಾಗಜಿನ್ ಕಳಚಿಟ್ಟು, ಬೋಲ್ಟನ್ನು ಹೊರತೆಗೆದ ಮೇಲೆ ನಾನು ಮಾಡುವ ಮೊದಲ ಕೆಲಸ ಅದನ್ನು ಒಣಬಟ್ಟೆಯಿಂದ ಪೂರ್ತಿ ಒರೆಸುವುದು. ಎಣ್ಣೆ ಬಹಳಷ್ಟು ದೋಷಗಳನ್ನು ಮರೆಮಾಡುತ್ತದೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಮಳೆಗಾಲದ ತುಕ್ಕಿಗೆ ಹೆದರಿ ಕೋವಿಗೆ ತೆಂಗಿನೆಣ್ಣೆ ಸವರುತ್ತಾರೆ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವ ಎಣ್ಣೆ. ಮಡಿಕೇರಿಯ ಚಳಿಯಲ್ಲಿ ಬೋಲ್ಟಿನೊಳಗಿನ ಸ್ಪ್ರಿಂಗಿನ ಸುತ್ತ ಗಟ್ಟಿಯಾಗಿ ಕೂತು, ತೋಟೆಗೆ ಬಡಿದು ಅದನ್ನು ಸಿಡಿಸುವ ಫೈರಿಂಗ್ ಪಿನ್ನಿನ ವೇಗವನ್ನು ತಗ್ಗಿಸಿ, ತೋಟೆ ಸಿಡಿಯದಂತೆ ಮಾಡುತ್ತದೆ. ವಿರಾಜಪೇಟೆಯ ಕಡೆಯ ಒಂದು ಮನೆಯಲ್ಲಿ ಕೆಟ್ಟಿದೆ ಎಂದು ಬದಿಗಿಟ್ಟಿದ್ದ ರೈಫಲ್ಲಿನ ಬೋಲ್ಟನ್ನು ಬಿಚ್ಚಿದಾಗ ಒಳಗಿದ್ದದ್ದು ಹಳದಿಗಟ್ಟಿದ ಅಂಟು ಮಾತ್ರ. ಅದನ್ನು ತೊಳೆದು ತೆಳುವಾಗಿ ಗನ್ ಆಯಿಲ್ ಹಾಕಿದ ಮೇಲೆ ಪಿನ್ನು ಚುರುಕಾಯಿತು. ಹೀಗೆ ತೊಳೆದರೆ ಹೋಗುವ ದೋಷವನ್ನೂ ಲೋಹ ಸವೆದು ಉಂಟಾದ ದೋಷವನ್ನೂ ಬೇರ್ಪಡಿಸಿ ನೋಡುವುದು ಬಹಳ ಮುಖ್ಯ, ಏಕೆಂದರೆ ಬೆಲೆ ನಿಲ್ಲುವುದು ಅದರ ಮೇಲೆ.

ಒರೆಸಿದ ಬೋಲ್ಟಿನ ಮುಖವನ್ನು ಭೂತಗನ್ನಡಿಯಲ್ಲಿ ನೋಡುತ್ತೇನೆ. ಪಿನ್ನಿನ ರಂಧ್ರದ ಸುತ್ತ ಸಣ್ಣ ಗುಳಿಗಳು ಅಥವಾ ಕೊರೆದಂಥ ಗುರುತುಗಳಿದ್ದರೆ ಹಿಂದೆ ಕೇಸ್ ಒಡೆದು ಬಿಸಿ ಅನಿಲ ಹಿಮ್ಮುಖವಾಗಿ ನುಗ್ಗಿದೆ ಎಂದು ಅರ್ಥ. ಖಾಲಿ ಕೇಸನ್ನು ಹೊರಗೆಳೆಯುವ ಎಕ್ಸ್‌ಟ್ರ್ಯಾಕ್ಟರಿನ ಕೊಕ್ಕೆ ಚೂಪಾಗಿರಬೇಕು. ಅದನ್ನು ಉಗುರಿನಿಂದ ಹೊರಕ್ಕೆ ತಳ್ಳಿದರೆ ಸ್ಪಷ್ಟ ಬಲದಿಂದ ಮರಳಬೇಕು. ಅನೇಕ .22 ರೈಫಲ್‌ಗಳಲ್ಲಿ ಬೋಲ್ಟಿನ ಹಿಡಿಯ ಬುಡವೇ ರಿಸೀವರಿನ (ಬೋಲ್ಟ್ ಓಡುವ ಲೋಹದ ಚೌಕಟ್ಟಿನ) ಕಚ್ಚಿನಲ್ಲಿ ಕೂತು ಬೀಗದ ಕೆಲಸ ಮಾಡುವುದರಿಂದ, ಆ ಬುಡ ಎಲ್ಲಿ ಹೊಳೆಯುತ್ತದೆ, ಎಲ್ಲಿ ಗುಳಿಬಿದ್ದಿದೆ ಎಂಬುದನ್ನೂ ಗಮನಿಸುತ್ತೇನೆ. ಬೋಲ್ಟಿನ ಮೇಲೆ ಸಂಖ್ಯೆ ಕೊರೆದಿದ್ದರೆ ಅದು ರಿಸೀವರಿನ ಸಂಖ್ಯೆಗೆ ಹೊಂದಲೇಬೇಕು. ಹೊಂದದಿದ್ದರೆ ಬೇರೊಂದು ಕೋವಿಯ ಬೋಲ್ಟ್ ಇದಕ್ಕೆ ಬಂದಿದೆ, ಅಳತೆ ಸರಿಹೊಂದಿಸಿದವರು ಯಾರೋ ಗೊತ್ತಿಲ್ಲ. ಅಂಥದ್ದನ್ನು ನಾನು ಎಷ್ಟೇ ಅಗ್ಗವಾದರೂ ಕೊಳ್ಳುವುದಿಲ್ಲ.

ಅಳತೆಯ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. .22 ತೋಟೆಯ ಮದ್ದಿಗೆ ಕಿಡಿ ಹೊತ್ತಿಸುವ ಸ್ಫೋಟಕ ಅದರ ಬುಡದ ಅಂಚಿನೊಳಗೇ ಇರುತ್ತದೆ. ಅಂಚಿನ ದಪ್ಪ ಸುಮಾರು 1.1 ಮಿ.ಮೀ., ಬೋಲ್ಟಿನ ಮುಖಕ್ಕೂ ತೋಟೆ ಕೂರುವ ಛೇಂಬರಿನ ಬಾಯಿಗೂ ನಡುವಿನ ಜಾಗ ಅದಕ್ಕಿಂತ ಕೂದಲೆಳೆಯಷ್ಟೇ ಹೆಚ್ಚಿರಬೇಕು. ಜಾಗ ಹೆಚ್ಚಿದರೆ ಪಿನ್ನಿನ ಏಟು ಮೆತ್ತಗಾಗುತ್ತದೆ, ಕೇಸಿನ ಬುಡಕ್ಕೆ ಆಸರೆ ತಪ್ಪಿ ಅದು ಉಬ್ಬುತ್ತದೆ, ಕೆಲವೊಮ್ಮೆ ಒಡೆದು ಹಿತ್ತಾಳೆಯ ಚೂರು ಕಣ್ಣಿನತ್ತ ಸಿಡಿಯುತ್ತದೆ. ಇದಕ್ಕೆ ಮನೆಯಲ್ಲಿ ಮಾಡಬಹುದಾದ ಒಂದು ಸ್ಥೂಲ ಪರೀಕ್ಷೆಯನ್ನು ಚಿಕ್ಕಪ್ಪ ಕಲಿಸಿಕೊಟ್ಟರು: ಮದ್ದಿಲ್ಲದ ಡಮ್ಮಿ ತೋಟೆಯ ಬೆನ್ನಿಗೆ ತೆಳುವಾದ ಟೇಪಿನ ತುಣುಕನ್ನು ಪದರ ಪದರವಾಗಿ ಅಂಟಿಸುತ್ತ ಬೋಲ್ಟ್ ಮುಚ್ಚಿ ನೋಡುವುದು. ಹಲವು ಪದರಗಳ ಮೇಲೂ ತಡೆಯಿಲ್ಲದೆ ಮುಚ್ಚಿಕೊಳ್ಳುವ ರೈಫಲನ್ನು ಈ ಜಾಗ ಅಳೆಯುವ ಗೇಜ್ ಇರುವ ಗನ್‌ಸ್ಮಿತ್‌ಗೆ (ಕೋವಿ ಕುಶಲಕರ್ಮಿಗೆ) ತೋರಿಸದೆ ಮುಂದುವರಿಯಬಾರದು.

ಛೇಂಬರಿನ ಬಾಯಿಯನ್ನೂ ಇದೇ ಹೊತ್ತಿಗೆ ನೋಡಬೇಕು. ತೋಟೆಯಿಲ್ಲದೆ ಟ್ರಿಗರ್ ಎಳೆದು ಆಡುವ ಅಭ್ಯಾಸವಿದ್ದ ಮನೆಯ .22ಗಳಲ್ಲಿ ಪಿನ್ನು ನೇರವಾಗಿ ಛೇಂಬರಿನ ಅಂಚಿಗೆ ಬಡಿದು ಅಲ್ಲೊಂದು ಕಚ್ಚು ಮೂಡಿರುತ್ತದೆ. ಆ ಕಚ್ಚಿನ ಪಕ್ಕದಲ್ಲಿ ಲೋಹ ಒಳಕ್ಕೆ ಒತ್ತಿಕೊಂಡು ಖಾಲಿ ಕೇಸನ್ನು ಹಿಡಿದುಕೊಳ್ಳುತ್ತದೆ. ಎಕ್ಸ್‌ಟ್ರ್ಯಾಕ್ಟರ್ ದುರ್ಬಲವೆಂದು ದೂರುವ ಎಷ್ಟೋ ರೈಫಲ್‌ಗಳಲ್ಲಿ ನಿಜವಾದ ಕಾರಣ ಇದೇ.

ಕೊನೆಯ ತೀರ್ಪು ಕೊಡುವುದು ಮಾತ್ರ ಹಾರಿಸಿದ ತೋಟೆಯ ಖಾಲಿ ಕೇಸು. ಮಾರುವವರ ಒಪ್ಪಿಗೆ ಪಡೆದು, ಅನುಮತಿಯಿರುವ ಸುರಕ್ಷಿತ ಜಾಗದಲ್ಲಿ, ಕನ್ನಡಕ ಹಾಕಿಕೊಂಡು, ಒಂದು ಬ್ರನೋದಿಂದ ಹಾರಿಸಿದ ಪ್ರತಿಯೊಂದು ತೋಟೆಯ ಕೇಸನ್ನೂ ನಾನು ಆಯ್ದಿಟ್ಟುಕೊಂಡೆ. ಪಿನ್ನಿನ ಗುರುತು ಅಂಚಿನ ಮೇಲೆ ಆಳವಾಗಿ, ಎಲ್ಲದರಲ್ಲೂ ಒಂದೇ ಸ್ಥಾನದಲ್ಲಿ, ಲೋಹ ತೂತಾಗದಂತೆ ಮೂಡಿತ್ತು. ಬುಡದಲ್ಲಿ ಉಬ್ಬಿರಲಿಲ್ಲ, ಉದ್ದಕ್ಕೆ ಗೀರುಗಳಿರಲಿಲ್ಲ, ಮಸಿ ಕೇಸಿನ ಬಾಯಿಯ ಬಳಿಯೇ ನಿಂತಿತ್ತು. ಅದಕ್ಕೂ ಮೊದಲು ನೋಡಿದ್ದ ಇನ್ನೊಂದು ರೈಫಲ್, ಅಕ್ರೋಟು ಮರದ ಹಿಡಿಯಿಂದ ಬಹಳ ಸುಂದರವಾಗಿದ್ದರೂ, ಅದರ ಕೇಸುಗಳೆಲ್ಲ ಅಂಚಿನ ಮುಂದೆ ಒಂದೇ ಬದಿಗೆ ಉಬ್ಬಿ ಬಂದಿದ್ದವು. ಅದನ್ನು ಬಿಟ್ಟು, ಮರದ ಮೇಲೆ ಗೀರು ತುಂಬಿದ್ದ ಈ ಬ್ರನೋವನ್ನೇ ಆರಿಸಿಕೊಂಡೆ.

1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೊಡವರಿಗೂ ಕೊಡಗಿನ ಜಮ್ಮಾ (ಪರಂಪರಾಗತ ಭೂಮಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ 2029ರವರೆಗೆ ಮುಂದುವರಿದಿದೆಯಾದರೂ, ಕೋವಿಯ ಸಂಖ್ಯೆಯನ್ನು ದಾಖಲೆಯಲ್ಲಿ ಸೇರಿಸದೆ ಕೈ ಬದಲಿಸುವುದು ಸಲ್ಲದು. ಹಣ ಕೊಡುವ ಮುನ್ನ ಮಾರುವವರ ಕಾಗದದಲ್ಲಿದ್ದ ಸಂಖ್ಯೆಯನ್ನು ರಿಸೀವರಿನ ಜೊತೆಗೂ ಬೋಲ್ಟಿನ ಜೊತೆಗೂ ಒಂದೊಂದೇ ಅಂಕಿಯಾಗಿ ಓದಿ ಹೊಂದಿಸಿಕೊಂಡೆ.