ರೆಕ್ಕೆಯ ಮೇಲೆ ಬೆಳ್ಳಿ ಮಚ್ಚೆ

ಎರಡನೇ ಮಹಾಯುದ್ಧದ ಜರ್ಮನ್ ಯುದ್ಧವಿಮಾನ ಮೆಸ್ಸರ್‌ಷ್ಮಿಟ್ ಬಿಎಫ್ 109 ಜಿ-6ರ 1/48 ಅಳತೆಯ ಮಾದರಿ ಮಾಡುತ್ತಿದ್ದೆ. ಮೇಲೆ ಎರಡು ಬಗೆಯ ಬೂದು, ಕೆಳಗೆ ತಿಳಿ ನೀಲಿ ಬೂದು. ಬಣ್ಣ ಚೆನ್ನಾಗಿಯೇ ಬಂದಿತ್ತು. ಎಡ ರೆಕ್ಕೆಗೆ ಶಿಲುಬೆ ಗುರುತಿನ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಅಂಟಿಸಿದೆ. ಒಣಗಿದ ಮೇಲೆ ನೋಡಿದರೆ ನಡುವೆಲ್ಲ ಬೆಳ್ಳಿ ಬೆಳ್ಳಿ!

ಯುದ್ಧದ ಕೊನೆಯ ವರ್ಷಗಳಲ್ಲಿ ರೆಕ್ಕೆಯ ಮೇಲ್ಭಾಗಕ್ಕೆ ಬರೀ ಬಿಳಿ ಅಂಚಿನ ಶಿಲುಬೆ ಬರೆಯುತ್ತಿದ್ದರು. ಹಾಗಾಗಿ ಡೆಕಾಲ್‌ನ ನಡುವೆ ಇರುವುದು ಖಾಲಿ ಪಾರದರ್ಶಕ ಪದರ. ಮ್ಯಾಟ್, ಅಂದರೆ ಹೊಳಪಿಲ್ಲದ, ಬಣ್ಣದ ಮೇಲ್ಮೈ ತರಿತರಿ ಅಲ್ವಾ, ಆ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡು ಹೊಳೆಯುತ್ತದೆ. ತಪ್ಪು ನನ್ನದೇ. ಆತುರದಲ್ಲಿ, ಮೇಲ್ಮೈ ನುಣುಪಾಗಿಸುವ ಹೊಳಪಿನ ವಾರ್ನಿಷ್ ಹೊಡೆಯುವುದನ್ನೇ ಬಿಟ್ಟಿದ್ದೆ.

ಕಿತ್ತರೆ ಹರಿಯುತ್ತಿತ್ತು. ಸಣ್ಣ ಸೂಜಿಯಿಂದ ಮಚ್ಚೆ ಇದ್ದಲ್ಲೆಲ್ಲ ಚುಚ್ಚಿದೆ. ಡೆಕಾಲ್ ಮೆದುವಾಗಿಸುವ ದ್ರಾವಣವನ್ನು ಬ್ರಷ್‌ನಲ್ಲಿ ಹಚ್ಚಿದೆ. ಡೆಕಾಲ್ ಮುದುಡಿಕೊಂಡಿತು, ಎದೆ ಧಸಕ್ಕೆಂದಿತು. ಆಗ ಮುಟ್ಟಲೇಬಾರದು, ಸುಮ್ನೆ ಬಿಟ್ಟರೆ ಒಣಗುತ್ತಾ ತಾನೇ ಕೂರುತ್ತದೆ. ಮೂರು ಸಲ ಹಚ್ಚಿದ ಮೇಲೆ ಮಚ್ಚೆ ಹೋಯಿತು. ವಿಮಾನದ ತಗಡುಗಳ ಜೋಡಣೆ ತೋರಿಸುವ ಪ್ಯಾನೆಲ್ ಗೆರೆಗಳೂ ಎದ್ದು ಕಂಡವು.

ಬಲ ರೆಕ್ಕೆಗೆ ಮೊದಲೇ ಹೊಳಪಿನ ವಾರ್ನಿಷ್ ಹೊಡೆದು, ಒಂದು ದಿನ ಒಣಗಿಸಿ ಅಂಟಿಸಿದೆ. ಸೂಜಿ ಬೇಕಾಗಲಿಲ್ಲ. ಕೊನೆಗೆ ಇಡೀ ವಿಮಾನಕ್ಕೆ ಮ್ಯಾಟ್ ಕೋಟ್ ಕೊಟ್ಟೆ. ಈಗ ಎರಡೂ ರೆಕ್ಕೆ ಒಂದೇ ಥರ ಕಾಣುತ್ತಿವೆ. ಎಡಗಡೆ ಜಾಸ್ತಿ ಬಗ್ಗಿ ನೋಡಬೇಡಿ ಅಷ್ಟೇ.